ಐದು ಸಾವಿರ ರೂಪಾಯಿಯ ಆಚಂದ್ರಾರ್ಕ ದತ್ತಿ

ನನ್ನ ತಂದೆಯವರು 1979ರಲ್ಲಿ, ತಮ್ಮ ತಾಯಿಯ ಸ್ಮರಣಾರ್ಥ, ನಾನು ಓದಿದ ವಿದ್ಯಾಸಂಸ್ಥೆಯಲ್ಲಿ ಐದು ಸಾವಿರ ರೂಪಾಯಿಯ ದತ್ತಿನಿಧಿಯೊಂದನ್ನು ಇರಿಸಿದ್ದರು. ಹಳಗನ್ನಡ ಪತ್ರಿಕೆಯಲ್ಲಿ ಅತ್ಯಧಿಕ ಅಂಕ ಪಡೆದ ವಿದ್ಯಾರ್ಥಿಗೆ ಪ್ರತಿವರ್ಷ ಒಂದು ಪದಕ ಮತ್ತು ಕೆಲವು ಪುಸ್ತಕಗಳನ್ನು ಕೊಡಬೇಕೆಂಬುದು ಅದರ ಉದ್ದೇಶ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಅವರಿಗೆ ಅದು ಆರೇಳು ತಿಂಗಳ ಸಂಬಳ. ದತ್ತಿಪತ್ರವನ್ನು ತಾವೇ ಬರೆದಿದ್ದರು. ಅದರ ಕೊನೆಯಲ್ಲಿ, ಶಾಸನಗಳನ್ನು ಓದಿ ಅಭ್ಯಾಸವಿದ್ದವರಾದ್ದರಿಂದ, ಈ ದತ್ತಿಯು ‘ಆಚಂದ್ರಾರ್ಕಸ್ಥಾಯಿ’ಯಾಗಿ ನಡೆಯತಕ್ಕದ್ದು ಎಂಬ ಮಾತನ್ನೂ ಸೇರಿಸಿದ್ದರು. ಸಂಸ್ಥೆಯ ಗುಮಾಸ್ತರು ಅದನ್ನು ಓದಿ ನಕ್ಕಿದ್ದರಂತೆ.

ಕಳೆದ ಮಳೆಗಾಲದಲ್ಲಿ ಆ ಸಂಸ್ಥೆಯಿಂದ ನನಗೊಂದು ಪತ್ರ ಬಂತು. ದತ್ತಿಯ ವಾರ್ಷಿಕ ಬಡ್ಡಿ ಈಗ 325 ರೂಪಾಯಿ. ಇಷ್ಟರಲ್ಲಿ ಪದಕ ಮಾಡಿಸುವುದು ಅಸಾಧ್ಯ. ಆದ್ದರಿಂದ ತಾವು ಮೂಲಧನಕ್ಕೆ ಸೂಕ್ತ ಮೊತ್ತವನ್ನು ಸೇರಿಸಬೇಕು, ಇಲ್ಲವಾದರೆ ಈ ನಿಧಿಯನ್ನು ಸಾಮಾನ್ಯ ವಿದ್ಯಾರ್ಥಿ ಕ್ಷೇಮನಿಧಿಯಲ್ಲಿ ವಿಲೀನಗೊಳಿಸಲು ಒಪ್ಪಿಗೆ ಕೊಡಬೇಕು ಎಂಬುದು ಅದರ ಸಾರಾಂಶ. ಪತ್ರದ ಧಾಟಿ ವಿನಯದ್ದೇ ಆಗಿತ್ತು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ನೂರಕ್ಕೆ ಹತ್ತರ ಸುಮಾರಿನಲ್ಲಿ ಐದು ನೂರು ರೂಪಾಯಿ ಬಡ್ಡಿ ಬರುತ್ತಿದ್ದಾಗ ಚಿನ್ನದ ನೀರು ಕುಡಿಸಿದ ಬೆಳ್ಳಿಯ ಪದಕವೂ ಬರುತ್ತಿತ್ತು, ಪಂಪಭಾರತದ ಒಂದು ಪ್ರತಿಯೂ ಬರುತ್ತಿತ್ತು. ಈಗಿನ ಬಡ್ಡಿಗೆ ಪದಕವನ್ನಿಡುವ ಮಖಮಲ್ಲಿನ ಡಬ್ಬಿ ಬಂದರೆ ಹೆಚ್ಚು. ಬ್ಯಾಂಕು ಒಂದು ಪೈಸೆಯನ್ನೂ ಕಳೆದಿಲ್ಲ, ಮೂಲಧನವಂತೂ ಅಕ್ಷಯವಾಗಿಯೇ ಇದೆ. ಆದರೂ ದತ್ತಿ ಸತ್ತುಹೋಗಿದೆ.

ಈ ಪತ್ರ ಬಂದ ವಾರದಲ್ಲಿಯೇ ನಾನು ವಿದ್ಯಾರ್ಥಿಗಳ ಒಂದು ಗುಂಪಿಗಾಗಿ ಬೆಳಗಾವಿಯ 1204ರ ರಟ್ಟ ಶಾಸನಗಳ ಕುರಿತು ಟಿಪ್ಪಣಿ ಸಿದ್ಧಪಡಿಸುತ್ತಿದ್ದೆ. ನಾಲ್ಕನೆಯ ಕಾರ್ತವೀರ್ಯನೂ ಅವನ ತಮ್ಮ ಯುವರಾಜ ಮಲ್ಲಿಕಾರ್ಜುನನೂ ವೇಣುಗ್ರಾಮದಿಂದ ಆಳುತ್ತಿದ್ದಾಗ, ಬೀಚಿರಾಜನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಕೈಯಲ್ಲಿ ಧಾರೆಯೆರೆದು ಕೊಟ್ಟ ದಾನಗಳ ವಿವರ ಅವುಗಳಲ್ಲಿದೆ. ದಾನಶಾಸನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಪ್ರಶಸ್ತಿಭಾಗದಲ್ಲಿ ನಿಲ್ಲುತ್ತೇವೆ. ವಂಶಾವಳಿ, ಬಿರುದು, ಕವಿಯ ಚಮತ್ಕಾರ, ಆಚಾರ್ಯಪರಂಪರೆ ಇವೇ ನಮಗೆ ಬೇಕಾದ ಸರಕು. ದತ್ತಿಯ ಪಟ್ಟಿ ಬಂದೊಡನೆ ಕಣ್ಣು ಜಾರಿ ಶಾಪಾಶಯಕ್ಕೆ ಹೋಗುತ್ತದೆ. ನಲವತ್ತು ವರ್ಷ ನಾನೂ ಹಾಗೆಯೇ ಓದಿದವನು. ಈ ಬಾರಿ, ಮೇಜಿನ ಮೇಲೆ ಆ ಪತ್ರವಿದ್ದುದರಿಂದಲೋ ಏನೋ, ಪಟ್ಟಿಯಲ್ಲಿಯೇ ನಿಂತೆ.

ಅರಸನು ಬಿಟ್ಟದ್ದು ಒಂದು ಊರು. ಪಟ್ಟಣದ ಎಲ್ಲೆಯೊಳಗಿನ ಭೂಮಿ ಮತ್ತು ಮನೆಗಳು ಬೇರೆ. ಇವಲ್ಲದೆ ವೇಣುಗ್ರಾಮದ ವರ್ತಕರು, ಅವರೊಡನೆ ಲಾಟದಿಂದಲೂ ಮಲೆಯಾಳದಿಂದಲೂ ಬಂದು ಅಲ್ಲಿ ವ್ಯಾಪಾರ ಮಾಡುತ್ತಿದ್ದವರು, ಸಂತೆಗೆ ಬರುವ ಸರಕಿನ ಮೇಲೆ ಬಿಟ್ಟುಕೊಟ್ಟ ಆಯವು ಮತ್ತೊಂದು. ಇಂತಹ ವರ್ತಕದತ್ತಿಗಳು 12-13ನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಹೇರಳ. ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಧಾನ್ಯ, ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಎಂಬ ಮಾದರಿಯಲ್ಲಿ ಅವು ಸಾಗುತ್ತವೆ. ಶ್ರವಣಬೆಳಗೊಳದಲ್ಲಿಯೂ ಇದೇ ವೈವಿಧ್ಯವನ್ನು ಕಾಣುತ್ತೇವೆ. 1159ರಲ್ಲಿ ಹೊಯ್ಸಳ ನರಸಿಂಹನು ಹುಳ್ಳರಾಜನ ಭಂಡಾರಿ ಬಸದಿಗೆ ಸವಣೇರನ್ನೂ, 1181ರಲ್ಲಿ ಇಮ್ಮಡಿ ಬಲ್ಲಾಳನು ಆಚಲದೇವಿಯ ಅಕ್ಕನ ಬಸದಿಗೆ ಬೊಮ್ಮೆಯನಹಳ್ಳಿಯನ್ನೂ ಬಿಟ್ಟುಕೊಟ್ಟರು. ಅದೇ ಊರಿನ ಸಾಮಾನ್ಯ ಭಕ್ತರು, ಊರು ಬಿಡುವಷ್ಟು ಐಶ್ವರ್ಯವಿಲ್ಲದವರು, ಕೆಲವು ಗದ್ಯಾಣಗಳನ್ನು ಇಟ್ಟು ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಹಾಲು, ಪೂಜೆಗೆ ಹೂ ನಡೆಯಬೇಕೆಂದು ಬರೆಸಿದರು. ಭೂಮಿ, ಕಟ್ಟಡ, ವ್ಯಾಪಾರದ ಪಾಲು, ಬಡ್ಡಿಯ ಹಣ. ಇಂದಿನ ಹಣಕಾಸು ಸಲಹೆಗಾರರು ಬಾಯಿಪಾಠದಂತೆ ಹೇಳುವ ಆಸ್ತಿಯ ವರ್ಗಗಳು ಇವೇ ಅಲ್ಲವೆ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಆ ದಾನಿಗಳು ಹೂಡಿಕೆದಾರರಲ್ಲ. ಬಗೆಬಗೆಯ ಆದಾಯಮೂಲಗಳನ್ನು ಒಬ್ಬ ಜಾಣನು ಕುಳಿತು ಯೋಜಿಸಿ ಜೋಡಿಸಿದನೆಂದು ಹೇಳಿದರೆ ಅದು ಕಾಲವಿಪರ್ಯಾಸ. ಅರಸನಲ್ಲಿ ಊರಿತ್ತು, ಊರನ್ನು ಕೊಟ್ಟನು, ವರ್ತಕನಲ್ಲಿ ಸರಕಿತ್ತು, ಸರಕಿನ ಪಾಲನ್ನು ಕೊಟ್ಟನು, ಹೂಗಾರನಲ್ಲಿ ತೋಟವಿತ್ತು. ಕೈಗಳು ಹಲವಾದ್ದರಿಂದ ಕೊಡುಗೆಗಳೂ ಹಲವಾದವು. ಫಲವಂತೂ ಯೋಜನೆಯ ಫಲದಂತೆಯೇ ಇದೆ: ಒಂದು ವರ್ಷ ಮಳೆ ಕೈಕೊಟ್ಟರೆ ಗದ್ದೆಯ ಹುಟ್ಟುವಳಿ ಇಲ್ಲವಾಗಬಹುದು, ಆದರೆ ಆ ವರ್ಷ ಧಾನ್ಯದ ಬೆಲೆ ಏರಿ ಸಂತೆಯ ಪಾಲು ತೂಗಬಹುದು. ಅದಕ್ಕಿಂತ ಮುಖ್ಯವಾದುದು, ಎಣ್ಣೆಯನ್ನು ಎಣ್ಣೆಯಾಗಿಯೇ ಕೊಟ್ಟಾಗ ಅದರ ಬೆಲೆ ಎಷ್ಟೇ ಬದಲಾದರೂ ದೀಪ ಅಷ್ಟೇ ಹೊತ್ತು ಉರಿಯುತ್ತದೆ. ಹಣವಾಗಿ ಗೊತ್ತುಮಾಡಿದ ದತ್ತಿಗೆ ಈ ಗುಣವಿಲ್ಲ. ಹಾಲಿಗೆಂದು ಗದ್ಯಾಣಗಳನ್ನಿಟ್ಟ ಭಕ್ತನ ಸ್ಥಿತಿಯೂ ನನ್ನ ತಂದೆಯವರ ಸ್ಥಿತಿಯೂ ಒಂದೇ.

ಬುಕ್ಕರಾಯನ 1368ರ ಪ್ರಸಿದ್ಧ ಶಾಸನವನ್ನು ನಾವು ಯಾವಾಗಲೂ ಜೈನ-ಶ್ರೀವೈಷ್ಣವ ಸಾಮರಸ್ಯದ ದಾಖಲೆಯೆಂದು ಪಾಠ ಮಾಡುತ್ತೇವೆ. ಅದರ ಆರ್ಥಿಕ ಏರ್ಪಾಟನ್ನು ಒಮ್ಮೆ ನೋಡಬೇಕು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಯ್ಯಿಸಬೇಕೆಂಬುದು ಅಲ್ಲಿಯ ವ್ಯವಸ್ಥೆ. ಮನೆಗಳು ಹೆಚ್ಚಿದರೆ ಆದಾಯ ಹೆಚ್ಚುತ್ತದೆ. ಅಷ್ಟರಮಟ್ಟಿಗೆ ಅದು ಬೆಳೆಯಬಲ್ಲ ದತ್ತಿ. ಆದರೆ ಮನೆಯೊಂದರ ಪಾಲು ‘ಒಂದು ಹಣ’ ಎಂದು ಕಲ್ಲಿನಲ್ಲಿ ಕಂಡರಿಸಿಬಿಟ್ಟದ್ದರಿಂದ ಆಳಿನ ಸಂಬಳ ಏರಿದಾಗ ಇಪ್ಪತ್ತು ಆಳುಗಳು ಹದಿನೈದಾಗುವುದನ್ನು ತಡೆಯುವ ಉಪಾಯ ಅದರಲ್ಲಿಲ್ಲ. ಕಲ್ಲಿನಲ್ಲಿ ಕಂಡರಿಸಿದ ಸಂಖ್ಯೆಗೂ ಬ್ಯಾಂಕಿನ ರಸೀದಿಯಲ್ಲಿರುವ ಸಂಖ್ಯೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ತಂದೆಯವರು ಏಕೆ ಬ್ಯಾಂಕನ್ನು ಆಯ್ದುಕೊಂಡರು? ಇದಕ್ಕೆ ಉತ್ತರ ಹುಡುಕಲು ನನ್ನ ತಾಯಿಯ ಮನೆಗೆ ಹೋಗಬೇಕು.

ತುಳುನಾಡಿನ ಅಳಿಯಸಂತಾನದ ಮನೆ ಅದು. ತಾಯಿಯ ಸೋದರಮಾವ, ನಾವೆಲ್ಲ ಅಜ್ಜ ಎಂದು ಕರೆಯುತ್ತಿದ್ದವರು, ಮನೆಯ ಯಜಮಾನರಾಗಿದ್ದರು. ನಾಲ್ಕು ಗ್ರಾಮಗಳಲ್ಲಿ ಗದ್ದೆಗಳಿದ್ದವು. ಸುಗ್ಗಿಯ ನಂತರ ಗೇಣಿಯ ಅಕ್ಕಿ ಮುಡಿಮುಡಿಯಾಗಿ ಬಂದು ಜಗಲಿಯಲ್ಲಿ ಸಾಲುಗಟ್ಟುತ್ತಿದ್ದುದು ನನ್ನ ಬಾಲ್ಯದ ಅತ್ಯಂತ ಸ್ಪಷ್ಟವಾದ ನೆನಪು; ಬೈಹುಲ್ಲಿನ ಆ ದುಂಡನೆಯ ಮುಡಿಗಳ ಮೇಲೆ ಹತ್ತಿ ಕುಳಿತು ಬೈಸಿಕೊಂಡದ್ದೂ ನೆನಪಿದೆ. ಅಜ್ಜ ಮೂರ್ಖರಲ್ಲ. ಬೈಲು, ಮಜಲು, ಬೆಟ್ಟು ಮೂರೂ ಬಗೆಯ ಭೂಮಿ ತಮ್ಮಲ್ಲಿರುವಂತೆ ನೋಡಿಕೊಂಡಿದ್ದರು. ಮಳೆ ವಿಪರೀತವಾದ ವರ್ಷ ಬೈಲು ಗದ್ದೆ ಮುಳುಗಿದರೆ ಬೆಟ್ಟು ಗದ್ದೆ ಉಳಿಯುತ್ತದೆ; ಮಳೆ ಕಡಿಮೆಯಾದ ವರ್ಷ ಬೆಟ್ಟು ಒಣಗಿದರೆ ಬೈಲು ಕಾಯುತ್ತದೆ. “ಒಂದೇ ಕಟ್ಟದ ನೀರನ್ನು ನಂಬಬಾರದು” ಎನ್ನುತ್ತಿದ್ದರು. ಮಳೆಯ ಮಟ್ಟಿಗೆ ಅವರ ಲೆಕ್ಕ ನಿರ್ದುಷ್ಟವಾಗಿತ್ತು.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಫಾರಂ ನಂಬ್ರ 7ನ್ನು ತುಂಬಿ ಡಿಕ್ಲರೇಶನ್ ಕೊಟ್ಟರು. ಭೂನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯಿತು. ನಾಲ್ಕು ಗ್ರಾಮಗಳ ಬೈಲು, ಮಜಲು, ಬೆಟ್ಟು ಎಲ್ಲವೂ ಹೋದವು. ತಲೆಮಾರುಗಳ ಕಾಲ ಆ ಮಣ್ಣಿನಲ್ಲಿ ದುಡಿದವರಿಗೆ ಅದು ದಕ್ಕಿದ್ದು ನ್ಯಾಯವೆಂದೇ ನಾನು ಅಂದಿನಿಂದ ಇಂದಿನವರೆಗೆ ನಂಬಿದ್ದೇನೆ. ನಮ್ಮವರಲ್ಲಿ ಅನೇಕರು ಈ ಮಾತಿಗೆ ಇಂದಿಗೂ ಮುನಿಸಿಕೊಳ್ಳುತ್ತಾರೆ. ಇಲ್ಲಿ ನನ್ನ ಪ್ರಶ್ನೆ ನ್ಯಾಯದ್ದಲ್ಲ, ಅಜ್ಜನ ಲೆಕ್ಕದ್ದು. ಹಲವು ಊರುಗಳಲ್ಲಿ, ಹಲವು ಬಗೆಯಲ್ಲಿ ಹಂಚಿಟ್ಟಿದ್ದೇನೆಂದು ಅವರು ತಿಳಿದಿದ್ದರು. ಕಾನೂನಿನ ಕಣ್ಣಿಗೆ ಅವೆಲ್ಲವೂ ಒಂದೇ ವಸ್ತು: ಗೇಣಿ ಭೂಮಿ. ದೇವಸ್ಥಾನ, ಬಸದಿಗಳ ಗತಿಯೂ ಬೇರೆಯಾಗಲಿಲ್ಲ. ಹಳೆಯ ಮೈಸೂರಿನಲ್ಲಿ 1955ರ ಧಾರ್ಮಿಕ ಇನಾಮು ರದ್ದತಿ ಕಾಯಿದೆಯ ಮೂಲಕ ದೇವರ ಭೂಮಿಗಳೂ ಕೈಬಿಟ್ಟವು; ಅವುಗಳ ಬದಲಿಗೆ ತಸ್ತೀಕು ಎಂಬ ನಗದು ಬಂತು. ಭತ್ತ ಬೆಳೆಯುತ್ತಿದ್ದ ದತ್ತಿ ಒಂದು ಸಂಖ್ಯೆಯಾಯಿತು. ಆ ಸಂಖ್ಯೆಯನ್ನು ಹೆಚ್ಚಿಸಿರೆಂದು ಅರ್ಚಕರು ಆಗಾಗ ಸರಕಾರಕ್ಕೆ ಮನವಿ ಮಾಡಬೇಕಾಗಿ ಬಂದದ್ದು ಸಹಜವೇ.

ಈ ಪತನವನ್ನು ತಂದೆಯವರು ಹತ್ತಿರದಿಂದ ಕಂಡರು. ಐದು ವರ್ಷಗಳ ನಂತರ ದತ್ತಿಯನ್ನಿಡುವಾಗ ಭೂಮಿ ಅವರ ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ. ತಮ್ಮ ಉಳಿತಾಯವನ್ನೆಲ್ಲ ಅವರು ಬ್ಯಾಂಕಿನಲ್ಲಿ, ಅದೂ ಎಚ್ಚರಿಕೆಯಿಂದ ಮೂರು ಬ್ಯಾಂಕುಗಳಲ್ಲಿ, ಇಟ್ಟರು. ಅವರು ಕಾದದ್ದು ಅಜ್ಜನಿಗೆ ಬಂದ ಗಂಡಾಂತರವನ್ನು. ಅದು ಮತ್ತೆ ಬರಲಿಲ್ಲ. ಬಂದದ್ದು ಬೇರೆ, ಅದಕ್ಕೆ ಮಂಡಳಿಯ ನೋಟೀಸೂ ಇಲ್ಲ, ವಿಚಾರಣೆಯ ದಿನಾಂಕವೂ ಇಲ್ಲ. ವರ್ಷಕ್ಕೆ ನೂರಕ್ಕೆ ಏಳರಂತೆ ಬೆಲೆಗಳು ಏರುತ್ತವೆಂದು ಹಿಡಿದರೆ ನಲವತ್ತೈದು ವರ್ಷಗಳಲ್ಲಿ ಐದು ಸಾವಿರದ ಸ್ಥಾನದಲ್ಲಿ ಒಂದು ಲಕ್ಷದ ಐದು ಸಾವಿರ ಬೇಕಾಗುತ್ತದೆ. ಮೂರು ಬ್ಯಾಂಕುಗಳೂ ಒಟ್ಟಿಗೆ, ಒಂದೇ ವೇಗದಲ್ಲಿ ಸವೆದವು.

ಇನ್ನು ನನ್ನ ಜಾಣತನ. ಅನುದಾನರಹಿತ ಕಾಲೇಜಿನಲ್ಲಿ ದುಡಿದವನಾದ್ದರಿಂದ ನನಗೆ ಪಿಂಚಣಿಯಿಲ್ಲ. ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಹಣವೇ ಸರ್ವಸ್ವ. ತಂದೆಯವರ ಬಡ್ಡಿ ಸವೆದದ್ದನ್ನು ಕಂಡವನು ನಾನು. ಆದ್ದರಿಂದ ಹೆಚ್ಚು ಬಡ್ಡಿ ಬೇಕೆನಿಸಿತು. ನೂರಕ್ಕೆ ಒಂದೂವರೆ ಹೆಚ್ಚು ಕೊಡುವ ಸಹಕಾರ ಸಂಘವೊಂದರಲ್ಲಿ, ಪರಿಚಿತರ ಮಾತಿನ ಮೇಲೆ, ದೊಡ್ಡ ಮೊತ್ತವನ್ನೇ ಇಟ್ಟೆ. ನಾಲ್ಕನೆಯ ವರ್ಷ ಸಂಘದ ಬಾಗಿಲಿಗೆ ಬೀಗ ಬಿತ್ತು. ಬ್ಯಾಂಕು ಮುಳುಗಿದರೆ 2020ರ ಫೆಬ್ರವರಿಯಿಂದ ಈಚೆಗೆ ಠೇವಣಿದಾರನೊಬ್ಬನಿಗೆ ಐದು ಲಕ್ಷದವರೆಗೆ ವಿಮೆಯ ರಕ್ಷಣೆಯಿದೆ. ಬ್ಯಾಂಕಲ್ಲದ ಸಹಕಾರ ಸಂಘಕ್ಕೆ ಆ ವಿಮೆಯೇ ಅನ್ವಯಿಸುವುದಿಲ್ಲ. ಹಸ್ತಪ್ರತಿಯ ಒಂದು ಅಕ್ಷರಕ್ಕಾಗಿ ನಾಲ್ಕು ಊರು ಸುತ್ತಿದವನು ಈ ಒಂದು ಸಾಲಿನ ನಿಯಮವನ್ನು ಹಣ ಕಳೆದುಕೊಂಡ ಮೇಲೆ ಓದಿದೆ. ಹೋದದ್ದರಲ್ಲಿ ಸ್ವಲ್ಪ ಭಾಗ ಕಂತುಕಂತಾಗಿ ಬಂದಿದೆ. ಉಳಿದದ್ದರ ಆಸೆ ನನಗಿಲ್ಲ.

ಇಂತಹ ಸ್ಥಿತಿಯಲ್ಲಿ ದತ್ತಿಯ ಪತ್ರ ಬಂದದ್ದು. ನೂರಕ್ಕೆ ನೂರು ಭಾವುಕತೆಯಿಂದ, ಉಳಿದ ಹಣದಲ್ಲಿ ಒಂದೂವರೆ ಲಕ್ಷ ತೆಗೆದು ಕಳಿಸಿಬಿಡುವುದೆಂದು ನಿಶ್ಚಯಿಸಿದೆ. ಮನೆಯವಳು ಪತ್ರವನ್ನು ಎರಡು ಬಾರಿ ಓದಿದಳು. “ಅತ್ತೆಯ ಹೆಸರು ನೂರು ವರ್ಷ ಇರಬೇಕು, ಸರಿ. ನಾನೇನೂ ಬೇಡವೆನ್ನುವುದಿಲ್ಲ. ಆದರೆ ನೀವು ಹೋದ ಮೇಲೆ ನಾನು ಎಷ್ಟು ವರ್ಷ ಇರಬೇಕೆಂದು ಲೆಕ್ಕ ಹಾಕಿದ್ದೀರಾ? ಮಾಡಿನ ಪಕಾಸು ಗೆದ್ದಲು ಹಿಡಿದು ಎರಡು ಮಳೆಗಾಲವಾಯಿತು,” ಎಂದಳು. ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ತಾಯಿ ತೊಂಬತ್ತೊಂದರವರೆಗೆ ಬದುಕಿದ್ದರು. ನಾನು ಕೂಡಿಸಿ ನೋಡಿದೆ. ಮೂವತ್ತು ವರ್ಷಗಳಿಗೆ ಸಮೀಪದ ಒಂದು ಅಂಕಿ ಬಂತು. ಯಾವ ದತ್ತಿಪತ್ರದಲ್ಲಿಯೂ ಬರೆಯದಿದ್ದ, ಎಲ್ಲಕ್ಕಿಂತ ದೊಡ್ಡ ದತ್ತಿ ಅದು.

ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ತಂಗಿಯ ಮಗ ದೀಪಾವಳಿಗೆ ಬಂದಿದ್ದಾಗ ಎಲ್ಲ ರಸೀದಿಗಳನ್ನು ಅವನ ಮುಂದೆ ಹರಡಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. “ಮಾವ, ನೀವು ಆರು ಕಡೆ ಇಟ್ಟಿದ್ದೇನೆ ಎಂದಿರಿ. ನನಗೆ ಇಲ್ಲಿ ಒಂದೇ ಕಾಣುತ್ತಿದೆ. ಎಲ್ಲವೂ ಬಡ್ಡಿಯೇ,” ಎಂದನು. ಅಜ್ಜನ ಕಟ್ಟದ ಮಾತು ನನಗೆ ಥಟ್ಟನೆ ನೆನಪಾಯಿತು.

ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಶ್ರಾವಕನ ಸೊತ್ತನ್ನು ವರ್ಗವರ್ಗವಾಗಿ ಎಣಿಸುತ್ತದೆ: ಹೊಲ-ಮನೆ, ಬೆಳ್ಳಿ-ಬಂಗಾರ, ದನಕರು-ಧಾನ್ಯ, ಆಳುಕಾಳು, ಬಟ್ಟೆಪಾತ್ರೆ ಮೊದಲಾದ ಸಾಮಗ್ರಿ. ಈ ಪ್ರತಿಯೊಂದಕ್ಕೂ ಬೇರೆಬೇರೆ ಮಿತಿಯನ್ನು ಹಾಕಿಕೊಳ್ಳಬೇಕು. ವ್ರತವನ್ನು ಉಪಾಯದಿಂದ ಮುರಿಯುವವರನ್ನು ಕುರಿತು ಶ್ರಾವಕಾಚಾರದ ವ್ಯಾಖ್ಯಾನಕಾರರು ಒಂದು ಸ್ವಾರಸ್ಯದ ಉದಾಹರಣೆ ಕೊಡುತ್ತಾರೆ. ಇಂತಿಷ್ಟೇ ಹೊಲಗಳೆಂದು ನಿಯಮ ಹಿಡಿದವನು ಪಕ್ಕದ ಹೊಲವನ್ನೂ ಪಡೆದು, ನಡುವಣ ಬೇಲಿಯನ್ನು ಕಿತ್ತು, ಎರಡನ್ನೂ ಒಂದೆಂದು ಎಣಿಸುತ್ತಾನಂತೆ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನವರು ಮಾಡಿದ್ದು ಇದರ ವಿಲೋಮ. ಒಂದೇ ಹೊಲದ ನಡುವೆ ಬೇಲಿಗಳನ್ನು ಹಾಕಿ ಅದನ್ನು ಹಲವೆಂದು ಎಣಿಸಿದೆವು.

ಅಳಿಯನ ಸಲಹೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಗುಟ್ಟೇನೂ ಇಲ್ಲ. ಹಣ ಯಾವಾಗ ಬೇಕೆಂಬುದನ್ನು ಮೊದಲು ಗೊತ್ತುಮಾಡಬೇಕು; ಎಲ್ಲಿಡಬೇಕೆಂಬುದು ಅನಂತರದ ಪ್ರಶ್ನೆ. ಐದು ವರ್ಷಗಳೊಳಗೆ ಬೇಕಾದದ್ದು ಏರುಪೇರಿಲ್ಲದ ಕಡೆ ಇರಬೇಕು. ಅಂಚೆ ಕಛೇರಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅಂಥದು. ಒಬ್ಬರಿಗೆ ಮೂವತ್ತು ಲಕ್ಷದ ಮಿತಿ, ಐದು ವರ್ಷದ ಅವಧಿ, ನಾನು ಸೇರಿದಾಗ ನೂರಕ್ಕೆ 8.2ರ ಬಡ್ಡಿ, ಮೂರು ತಿಂಗಳಿಗೊಮ್ಮೆ ಕೈಗೆ. ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಕಂಪನಿಗಳ ಷೇರುಗಳಿಗೆ ಹೋಗಬಹುದು. ಅದೂ ಒಂದೆರಡು ಕಂಪನಿಯನ್ನು ಆರಿಸಿ ಅಲ್ಲ, ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲಿಯೂ ಪಾಲು ದೊರೆಯುವ ಇಂಡೆಕ್ಸ್ ಫಂಡಿನ ಮೂಲಕ. ಚಿನ್ನದಲ್ಲಿ ಒಂದು ಪಾಲು. ವರ್ಷಕ್ಕೊಮ್ಮೆ ತೂಗಿ ನೋಡಿ, ಮಿತಿಮೀರಿ ಬೆಳೆದದ್ದನ್ನು ಸ್ವಲ್ಪ ಮಾರಿ ಕುಗ್ಗಿದ್ದಕ್ಕೆ ತುಂಬಬೇಕು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಏರುತ್ತಿರುವುದನ್ನು ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ. ವ್ರತದಂತೆ ದಿನ ಗೊತ್ತುಮಾಡಿಕೊಂಡರೆ ಬರಬಹುದು. ನಾವು ದೀಪಾವಳಿಯ ಮರುದಿನವನ್ನು ಗೊತ್ತುಮಾಡಿದೆವು. ವೀರನಿರ್ವಾಣ ಸಂವತ್ಸರ ಮೊದಲಾಗುವ ದಿನ, ಹೇಗಿದ್ದರೂ ಹೊಸ ಲೆಕ್ಕದ ಪುಸ್ತಕ ತೆರೆಯುವ ದಿನವೇ.

ನಾನು ವಾದ ಮಾಡದೆ ಒಪ್ಪಲಿಲ್ಲ. ಸೆನ್ಸೆಕ್ಸಿನ ಲೆಕ್ಕ 1978-79ನ್ನು ನೂರು ಎಂದು ಹಿಡಿದು ಮಾಡಿದ್ದು. 2024ರ ಜುಲೈಯಲ್ಲಿ ಎಂಬತ್ತು ಸಾವಿರವನ್ನು ದಾಟಿತು. ತಂದೆಯವರ ದತ್ತಿಯೂ ಸರಿಯಾಗಿ ಅದೇ ಕಾಲದ್ದು. ಐದು ಸಾವಿರವನ್ನು ಎಂಟು ನೂರರಿಂದ ಗುಣಿಸಿ ನೋಡಿದಾಗ ನನಗೆ ತಲೆ ತಿರುಗಿತು. ಆದರೆ ಇದು ಇತಿಹಾಸದ ವಿದ್ಯಾರ್ಥಿ ಎಚ್ಚರದಿಂದಿರಬೇಕಾದ ಗುಣಾಕಾರ. ಮೊದಲ ಪಟ್ಟಿಯಲ್ಲಿದ್ದ ಮೂವತ್ತು ಕಂಪನಿಗಳಲ್ಲಿ ಇಂದಿಗೂ ಪಟ್ಟಿಯಲ್ಲಿ ಉಳಿದಿರುವವು ಕೆಲವೇ; ಸೂಚ್ಯಂಕವು ಸೋತವರನ್ನು ಕೈಬಿಟ್ಟು ಗೆದ್ದವರನ್ನು ಸೇರಿಸಿಕೊಳ್ಳುತ್ತ ಬಂದಿದೆ. ಅಂದು ಸೂಚ್ಯಂಕವನ್ನೇ ಕೊಳ್ಳುವ ಸೌಕರ್ಯ ಹಳ್ಳಿಯ ಮುಖ್ಯೋಪಾಧ್ಯಾಯರಿಗೆ ಇರಲೂ ಇಲ್ಲ. ಅದಲ್ಲದೆ 2008ರ ಜನವರಿಯಲ್ಲಿ ಇಪ್ಪತ್ತೊಂದು ಸಾವಿರದ ಹತ್ತಿರವಿದ್ದ ಅದೇ ಸೂಚ್ಯಂಕ ಅಕ್ಟೋಬರಿನಲ್ಲಿ ಹತ್ತು ಸಾವಿರದ ಕೆಳಗೆ ಬಿದ್ದಿತ್ತು. ಆ ಅಕ್ಟೋಬರಿನಲ್ಲಿ ಯಾರ ಮನೆಯಲ್ಲಿ ಶಸ್ತ್ರಚಿಕಿತ್ಸೆಯಿತ್ತೋ ಅವರಿಗೆ ಮುಂದಿನ ಹದಿನೈದು ವರ್ಷಗಳ ಏರಿಕೆಯಿಂದ ಏನು ಪ್ರಯೋಜನ? ಅಳಿಯ ಇದನ್ನೆಲ್ಲ ಒಪ್ಪಿದನು. “ಅದಕ್ಕೇ ಮಾವ, ಎಲ್ಲವನ್ನೂ ಅಲ್ಲಿ ಇಡಬೇಡಿ ಎನ್ನುವುದು,” ಎಂದನು.

ನನ್ನ ಎರಡನೆಯ ಆಕ್ಷೇಪಕ್ಕೆ ಅವನಲ್ಲಿ ಸಿದ್ಧ ಉತ್ತರವಿರಲಿಲ್ಲ. ಸೂಚ್ಯಂಕದ ಎಲ್ಲ ಕಂಪನಿಗಳಲ್ಲಿ ಪಾಲು ಎಂದರೆ ತಂಬಾಕಿನಲ್ಲಿಯೂ ಪಾಲು. ಶ್ರಾವಕನು ಮಾಡಬಾರದ ವೃತ್ತಿಗಳ ಪಟ್ಟಿಯನ್ನು ತರಗತಿಯಲ್ಲಿ ಬರೆಸಿದವನು ಆ ವೃತ್ತಿಯ ಲಾಭದಲ್ಲಿ ಹೇಗೆ ಕೈಯೊಡ್ಡಲಿ? ಹುಡುಕಿದಾಗ ಸಿಕ್ಕಿದ್ದು, ಮುಸ್ಲಿಂ ಶರೀಯತ್ತಿನ ನಿಯಮಗಳನ್ನು ಅನುಸರಿಸುವ ಸೂಚ್ಯಂಕ. ಮದ್ಯ, ತಂಬಾಕು, ಹಂದಿಮಾಂಸದ ವ್ಯವಹಾರಗಳನ್ನು ಅದು ಹೊರಗಿಡುತ್ತದೆ; ಜೊತೆಗೆ ಬಡ್ಡಿಯ ಕಾರಣದಿಂದ ಬ್ಯಾಂಕುಗಳನ್ನೂ ಹೊರಗಿಡುತ್ತದೆ. ನಮ್ಮವರಿಗೆ ಬಡ್ಡಿ ವರ್ಜ್ಯವಾಗಿರಲಿಲ್ಲವೆಂಬುದಕ್ಕೆ ಶ್ರವಣಬೆಳಗೊಳದ ಹಾಲಿನ ದತ್ತಿಗಳೇ ಸಾಕ್ಷಿ. ಇಷ್ಟಾದರೂ ನನ್ನ ಅಂತಃಕರಣಕ್ಕೆ ಅತಿ ಸಮೀಪದ್ದು ಅದೇ ಎಂದು ಕಂಡು, ಷೇರಿನ ಪಾಲನ್ನು ಅಂತಹ ನಿಯಮದ ಫಂಡೊಂದರಲ್ಲಿ ಇರಿಸಿದೆ. ತುಲನಾತ್ಮಕ ಧರ್ಮಾಧ್ಯಯನದವರು ಇದನ್ನು ಗಮನಿಸಬಹುದು.

ಹತ್ತು ಪಾಲೆಂದು ಎಣಿಸಿದರೆ ಆರು ಹಿರಿಯ ನಾಗರಿಕರ ಯೋಜನೆಗೂ ಬ್ಯಾಂಕಿಗೂ ಹೋದವು; ಮೂರು ಷೇರಿಗೆ, ಮನೆಯವಳ ಹೆಸರಿನಲ್ಲಿ, ಅವಳ ಎಪ್ಪತ್ತೈದರ ನಂತರದ ವರ್ಷಗಳಿಗಾಗಿ. ಚಿನ್ನದ ಪಾಲು ಈಗಾಗಲೇ ತನ್ನ ಪೆಟ್ಟಿಗೆಯಲ್ಲಿದೆಯೆಂದೂ ಅದನ್ನು ಲೆಕ್ಕಕ್ಕೆ ಹಿಡಿಯಬಹುದೆಂದೂ, ಆದರೆ ದೀಪಾವಳಿಯ ಮರುದಿನ ಅದನ್ನು ಯಾರೂ ತೂಗಬಾರದೆಂದೂ ಅವಳು ಹೇಳಿದಳು. ಉಳಿದ ಒಂದು ಪಾಲಿನಲ್ಲಿ ಮಾಡಿನ ಕೆಲಸ ಮತ್ತು ದತ್ತಿ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದ ವೃತ್ತಿಯಲ್ಲಿ ಉದ್ಧರಿಸುವ ಒಂದು ನೀತಿಯಂತೆ ಆದಾಯದಲ್ಲಿ ಕಾಲುಭಾಗ ನಿಧಿಗೆ, ಕಾಲುಭಾಗ ವ್ಯಾಪಾರಕ್ಕೆ, ಕಾಲುಭಾಗ ಧರ್ಮ ಮತ್ತು ಭೋಗಕ್ಕೆ, ಕಾಲುಭಾಗ ಪೋಷ್ಯವರ್ಗಕ್ಕೆ ಸಲ್ಲಬೇಕು. ನನ್ನ ಹಂಚಿಕೆ ಅದಕ್ಕೆ ಸರಿಹೊಂದುವುದಿಲ್ಲ. ಧರ್ಮದ ಪಾಲು ಬಹಳ ಕಡಿಮೆಯಾಯಿತು.

ದತ್ತಿಯ ವಿಷಯದಲ್ಲಿ ಸಂಸ್ಥೆಯವರ ನಿಯಮ ಬ್ಯಾಂಕ್ ಠೇವಣಿಯನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಆದ್ದರಿಂದ ಮೂಲಧನಕ್ಕೆ ನಲವತ್ತೈದು ಸಾವಿರ ಸೇರಿಸಿ ಐವತ್ತು ಸಾವಿರ ಮಾಡಿದೆ. ಹೊಸ ದತ್ತಿಪತ್ರದಲ್ಲಿ ಎರಡು ಬದಲಾವಣೆ ಕೇಳಿಕೊಂಡೆ. ಪದಕ ಬೇಡ, ಪುಸ್ತಕ ಮಾತ್ರ ಸಾಕು. ಬಡ್ಡಿಯಲ್ಲಿ ಅರ್ಧವನ್ನಷ್ಟೇ ಖರ್ಚು ಮಾಡಿ ಉಳಿದರ್ಧವನ್ನು ಮೂಲಧನಕ್ಕೆ ಸೇರಿಸತಕ್ಕದ್ದು. ತಂದೆಯವರು ಈ ಎರಡನೆಯ ಮಾತನ್ನು ಬರೆದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿದ್ದೇನೆ. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಏಳನ್ನು ಬೆಲೆಯೇರಿಕೆಗೆಂದು ಹಿಂದಿರುಗಿಸಿದ್ದರೆ ಅಂದು ಪ್ರಶಸ್ತಿಗೆ ಉಳಿಯುತ್ತಿದ್ದದ್ದು ನೂರೈವತ್ತು ರೂಪಾಯಿ. ಐದು ನೂರರ ಪ್ರಶಸ್ತಿಯನ್ನು ಪ್ರಾಮಾಣಿಕವಾಗಿ ನಡೆಸಲು ಹದಿನಾರು ಸಾವಿರದ ಏಳು ನೂರರ ಸುಮಾರು ಬೇಕಾಗುತ್ತಿತ್ತು. ಅಷ್ಟು ಹಣ ಅವರಲ್ಲಿರಲಿಲ್ಲ. ಮೊದಲ ಹತ್ತು ಹದಿನೈದು ವರ್ಷಗಳ ವಿದ್ಯಾರ್ಥಿಗಳಿಗೆ ದೊರೆತ ಆ ಹೊಳೆಯುವ ಪದಕಗಳು ಅನಂತರದವರ ಪಾಲಿನಿಂದ ಬಂದವುಗಳೆಂದು ಹೇಳಬೇಕು.

ಬೆಳಗಾವಿಯ ಆ ಜಿನಾಲಯವೆಂದು ಗುರುತಿಸಲಾಗುವ ಕಮಲ ಬಸದಿ ಕೋಟೆಯೊಳಗೆ ಇಂದಿಗೂ ನಿಂತಿದೆ. ಶಾಸನ ಬರೆಸಿದ ಕೆಲವೇ ದಶಕಗಳಲ್ಲಿ ರಟ್ಟರ ರಾಜ್ಯ ಸೇವುಣರ ಕೈಸೇರಿತು. ಊರು, ಮನೆ, ಸಂತೆಯ ಆಯ ಮೂರೂ ಬೇರೆಬೇರೆಯಾಗಿ ಕಂಡರೂ ಒಂದೇ ಪಟ್ಟಣದ, ಒಂದೇ ಅರಸುತನದ ನೆರಳಿನಲ್ಲಿ ಇದ್ದವು. ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂದು ಬರೆದ ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಹೊಸ ಠೇವಣಿ ಇಡಲು ಸಂಸ್ಥೆಯ ಗುಮಾಸ್ತೆಯೊಡನೆ ಬ್ಯಾಂಕಿಗೆ ಹೋಗಿದ್ದೆ. ಅರ್ಜಿಯಲ್ಲಿ ‘ಅವಧಿ’ ಎಂಬ ಅಂಕಣವಿತ್ತು. ಆಕೆ ಪೆನ್ನು ಹಿಡಿದು, “ಸರ್, ಎಷ್ಟು ವರ್ಷ ಬರೆಯಲಿ?” ಎಂದು ಕೇಳಿದಳು. ಗರಿಷ್ಠ ಎಷ್ಟು ಎಂದೆ. ಹತ್ತು ವರ್ಷ ಎಂದಳು. ಹತ್ತೆಂದೇ ಬರೆಸಿ, ತಾನಾಗಿ ನವೀಕರಣಗೊಳ್ಳಬೇಕೆಂಬ ಚೌಕದಲ್ಲಿ ಗುರುತು ಹಾಕಿಸಿ ಮನೆಗೆ ಬಂದೆ. ಮಾಡಿನ ಕೆಲಸ ಪತ್ತನಾಜೆಯ ಒಳಗೆ ಮುಗಿಯಿತು.